ಕಿವಿಯಿಂದ ಓದುವವರಿಗೆ ಬರೆದ ನಾಲ್ಕು ಸಾಲು

ನವೆಂಬರ್ 24, 2025, ಸೋಮವಾರ

ನಿನ್ನೆ ಕೊಲಂಬೋದಲ್ಲಿ ನಮ್ಮ ಹುಡುಗಿಯರು ಗೆದ್ದರು. ಅಂಧ ಮಹಿಳೆಯರ ಮೊಟ್ಟಮೊದಲ ಟಿ20 ವಿಶ್ವಕಪ್ ಇದು. ಫೈನಲ್‌ನಲ್ಲಿ ನೇಪಾಳ 114 ರನ್ ಮಾಡಿತ್ತು. ನಮ್ಮವರು ಮೂರೇ ವಿಕೆಟ್ ಕಳೆದುಕೊಂಡು ಆಟ ಮುಗಿಸಿದರು. ಕ್ಯಾಪ್ಟನ್ ದೀಪಿಕಾ ಟಿ.ಸಿ. ನಮ್ಮ ಕರ್ನಾಟಕದವರೇ. ಮನೆಯಲ್ಲಿ ಬೆಳಗಿನಿಂದ ಅದೇ ಮಾತು.

ಸಂಜೆ ಮಗಳು ಮೂವರು ಗೆಳತಿಯರನ್ನು ಕೂರಿಸಿಕೊಂಡು ತಂಡಕ್ಕೆ ಇಂಗ್ಲಿಷ್‌ನಲ್ಲಿ ಅಭಿನಂದನೆ ಬರೆದಳು. “ಅಮ್ಮಾ, ಗ್ರಾಮರ್ ಒಂಚೂರು ನೋಡಿಕೊಡು” ಅಂತ ಫೋನ್ ಕೈಗಿಟ್ಟಳು. ಕನ್ನಡದಲ್ಲೇ ಬರೀಬಹುದಿತ್ತಲ್ಲ ಅಂದೆ. “ಫೈನಲ್‌ನಲ್ಲಿ 44 ಹೊಡೆದು ಔಟಾಗದೆ ಉಳಿದ ಫೂಲಾ ಸರೇನ್ ಒಡಿಶಾದವರು. ಅವರಿಗೆ ಹೇಗಮ್ಮ ಗೊತ್ತಾಗುತ್ತೆ?” ಅವಳು ಹೇಳಿದ್ದೂ ಸರಿ.

ಮೊದಲ ಸಾಲು ಹೀಗಿತ್ತು: ‘ಎಸ್ಟರ್‌ಡೇ ಯು ಹ್ಯಾವ್ ವನ್ ವರ್ಲ್ಡ್ ಕಪ್’. ನಾವು ‘ನಿನ್ನೆ ಗೆದ್ದಿದ್ದೀರಿ’ ಅಂತೀವಲ್ಲ, ಅದೇ ಅಲ್ಲಿಗೆ ಹೋಗಿ ಕೂತಿದೆ. ಇಂಗ್ಲಿಷ್‌ನಲ್ಲಿ ನಿನ್ನೆ ಅಂತ ಹೇಳಿದ ಮೇಲೆ ‘ಹ್ಯಾವ್’ ಬರೋದಿಲ್ಲ, ಬರೀ ‘ವನ್’ ಸಾಕು. ವರ್ಲ್ಡ್ ಕಪ್‌ಗೆ ಮೊದಲು ‘ದಿ’ ಬೇಕು. ಕನ್ನಡದಲ್ಲಿ ಆ ಪದವೇ ಇಲ್ಲ, ಅದಕ್ಕೇ ನಮಗೆಲ್ಲ ಅದು ಮರೆತುಹೋಗುತ್ತೆ. ‘ಪ್ಲೇಯ್ಡ್ ವೆರಿ ಗುಡ್’ ಅನ್ನೋದನ್ನು ‘ವೆರಿ ವೆಲ್’ ಮಾಡಿದೆ. ಇಷ್ಟಕ್ಕೆ ಐದು ನಿಮಿಷ ಹಿಡಿಯಿತು.

ಆಮೇಲಿನ ಸಾಲಿನಲ್ಲಿ ಒಂದೂ ತಪ್ಪಿರಲಿಲ್ಲ. ‘ಇವನ್ ದೋ ಯು ಆರ್ ಬ್ಲೈಂಡ್, ಯು ಬಿಕೇಮ್ ಚಾಂಪಿಯನ್ಸ್’. ಕಣ್ಣು ಕಾಣದಿದ್ದರೂ ಚಾಂಪಿಯನ್ ಆದಿರಿ. ನನ್ನ ಕೈ ಅಲ್ಲೇ ನಿಂತಿತು. “ನೇಪಾಳದವರಿಗೆ ಕಣ್ಣು ಕಾಣ್ತಿತ್ತಾ?” ಅಂತ ಕೇಳಿದೆ. ನಾಲ್ವರೂ ಸುಮ್ಮನಾದರು. ಬಂದಿದ್ದ ಆರು ತಂಡಗಳೂ ಅಂಧರವೇ. ನಮ್ಮವರು ಗೆದ್ದಿದ್ದು ಉಳಿದವರಿಗಿಂತ ಚೆನ್ನಾಗಿ ಆಡಿದ್ದಕ್ಕೆ. ವ್ಯಾಕರಣ ಸರಿಯಿದ್ದೂ ಮಾತು ನೋಯಿಸಬಹುದು ಅಂತ ಮಕ್ಕಳಿಗೆ ಹೇಳಬೇಕಾದಾಗ ನನಗೆ ಸ್ವಲ್ಪ ಕಷ್ಟವಾಯಿತು. ಅವರು ಪ್ರೀತಿಯಿಂದ ಬರೆದದ್ದಲ್ವಾ.

“ಹಾಗಾದರೆ ಅವರ ಆಟದಲ್ಲಿ ನಿಮಗೆ ಏನು ಇಷ್ಟವಾಯಿತೋ ಅದನ್ನು ಬರೀರಿ” ಅಂದೆ. ಒಬ್ಬಳು ಒಳಗೆ ಗಲಗಲ ಅನ್ನೋ ಬಿಳಿ ಚೆಂಡು ಅಂದಳು. ಕಣ್ಣು ಏನೂ ಕಾಣದ, ಬಿ1 ಅನ್ನೋ ವರ್ಗದ ಆಟಗಾರ್ತಿ ಹೊಡೆದ ರನ್ನು ಎರಡಾಗಿ ಲೆಕ್ಕಕ್ಕೆ ಬರೋದು ಇನ್ನೊಬ್ಬಳಿಗೆ ಇಷ್ಟ. ಮಗಳಿಗೆ ಬೌಲರ್ ‘ರೆಡಿ?’ ಅಂತ ಕೇಳೋದು, ಬ್ಯಾಟರ್ ‘ಎಸ್’ ಅನ್ನೋದು, ‘ಪ್ಲೇ’ ಅಂತ ಕೂಗಿ ಚೆಂಡು ಬಿಡೋದು. ‘ಎಸ್’ ಆದ ಮೇಲೆ ‘ಪ್ಲೇ’ ಬರೋವರೆಗೂ ತಾನು ಉಸಿರು ಬಿಡೋದಿಲ್ಲ ಅಂದಳು. ಅದನ್ನೇ ಬರೆಸಿದೆ. ತಿದ್ದೋದಕ್ಕೆ ಏನೂ ಇರಲಿಲ್ಲ.

ನನ್ನ ಅಣ್ಣನಿಗೆ ಹುಟ್ಟಿನಿಂದ ಕಣ್ಣಿಲ್ಲ. ಫೋನು ಓದಿ ಹೇಳೋದನ್ನು ಕೇಳಿಸಿಕೊಂಡೇ ಬ್ಯಾಂಕಿನ ಕೆಲಸವನ್ನೆಲ್ಲ ಮಾಡುತ್ತಾನೆ. ಅವನಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಮಗಳಿಗೆ ಫೋನ್ ಬಂತು. “ಪುಟ್ಟೀ, ಒಂದೂ ಫುಲ್‌ಸ್ಟಾಪ್ ಹಾಕಿಲ್ವಲ್ಲಮ್ಮ. ಉಸಿರೇ ತಗೊಳ್ಳದೆ ಓದಿಬಿಡ್ತು. ಕೊನೆಯಲ್ಲಿ ಚಪ್ಪಾಳೆ ಚಿತ್ರ ಎಷ್ಟು ಹಾಕಿದ್ದೀಯ? ಪ್ರತಿಯೊಂದಕ್ಕೂ ಅದರ ಹೆಸರು ಹೇಳ್ತಾ ಕೂತಿದೆ.” ಗ್ರೇಟ್ ಅನ್ನೋದನ್ನು ಇವಳು ಜಿ, ಆರ್, 8 ಅಂತ ಬರೆದಿದ್ದಳು. ಅದು ಅವನಿಗೆ ಗಾಡಿ ನಂಬರ್ ಥರ ಕೇಳಿಸಿತಂತೆ.

ಇಷ್ಟು ವರ್ಷ ಅಣ್ಣನ ಜೊತೆ ಬೆಳೆದ ನನಗೇ ಅದು ಹೊಳೆದಿರಲಿಲ್ಲ. ಫುಲ್‌ಸ್ಟಾಪ್ ಇಲ್ಲದಿದ್ದರೂ ಕಣ್ಣು ಹೇಗೋ ಸಂಭಾಳಿಸಿಕೊಳ್ಳುತ್ತೆ. ಕಿವಿಗೆ ಅದೇ ಆಸರೆ. ಮಕ್ಕಳು ಹೂವಿನ ಚಿತ್ರದೊಳಗೆ ಅಕ್ಷರ ಕೂರಿಸಿ ಕಳಿಸಬೇಕು ಅಂತಿದ್ದರು. ಬೇಡ, ಸಾದಾ ಅಕ್ಷರದಲ್ಲೇ ಇರಲಿ ಅಂತ ಅಣ್ಣ ಹೇಳಿದ.

ಚಪ್ಪಾಳೆ ಒಂದೇ ಉಳಿಯಿತು. ಸಾಲು ಸಾಲಿಗೂ ಫುಲ್‌ಸ್ಟಾಪ್ ಬಂತು. ಮತ್ತೆ ಅಣ್ಣನಿಗೆ ಕಳಿಸಿದೆವು. ಈ ಸಲ ಅವನು ಸ್ಪೀಕರ್‌ನಲ್ಲಿ ಹಾಕಿ ನಮಗೂ ಕೇಳಿಸಿದ. ‘ರೆಡಿ’, ‘ಎಸ್’, ‘ಪ್ಲೇ’ ಅಂತ ಒಂದೊಂದೇ ಬಿಡಿಸಿ ಓದಿತು. ಹುಡುಗಿಯರು ಪಿಸುಮಾತನ್ನೂ ಆಡದೆ ಕೇಳಿದರು.

ಕಳಿಸೋ ಮುಂಚೆ ಮಗಳು ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿದಳು. ಅದನ್ನು ನಾನು ಮುಟ್ಟಲಿಲ್ಲ. ‘ದೀಪಿಕಕ್ಕಾ, ಆ ಗಲಗಲ ಚೆಂಡು ಎಲ್ಲಿ ಸಿಗುತ್ತೆ? ನಾವೂ ಆಡಬೇಕು.’