ಐಥನ್ ಅಳಿವೆಯಲ್ಲಿ ಒಂದು ಶನಿವಾರ

ಸ್ಕಾಟ್ಲೆಂಡಿನಲ್ಲಿ ಭಾನುವಾರದ ದಿನ ಸಾಲ್ಮನ್ ಮತ್ತು ಸೀ ಟ್ರೌಟ್ ಮೀನುಗಳಿಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ. ವಾರದ ಐದು ದಿನ ಕಚೇರಿಯಲ್ಲಿ ಕೂರುವ ನನ್ನಂಥವನಿಗೆ ಹೀಗಾಗಿ ಶನಿವಾರವೊಂದೇ ಗತಿ. ಆ ಶನಿವಾರವೇ ಭರತ-ಇಳಿತದ ಹೊತ್ತು ಹೊಂದಿಬರಬೇಕು, ಗಾಳಿ ತಣ್ಣಗಿರಬೇಕು, ಮನೆಯಲ್ಲಿ ಬೇರೆ ಕೆಲಸ ಹುಟ್ಟಿಕೊಳ್ಳಬಾರದು. ಕಳೆದ ಜುಲೈ ತಿಂಗಳಲ್ಲಿ ಒಂದೇ ಒಂದು ಸಲ ಈ ಮೂರೂ ಕೂಡಿಬಂದವು.

ಅಬರ್ಡೀನಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ನ್ಯೂಬರ ಎಂಬ ಹಳ್ಳಿಯ ಪಕ್ಕ ಐಥನ್ ನದಿ ಸಮುದ್ರ ಸೇರುತ್ತದೆ. ಒಂದು ದಡದಲ್ಲಿ ಹಳ್ಳಿ, ಇನ್ನೊಂದು ದಡದಲ್ಲಿ ಫಾರ್ವಿ ಅಭಯಾರಣ್ಯದ ಮರಳ ಗುಡ್ಡಗಳು, ನಡುವೆ ಕೆಸರು, ಮರಳ ದಿಬ್ಬ, ಮಸ್ಸೆಲ್ ಚಿಪ್ಪುಗಳ ಹಾಸು. ಹುಣ್ಣಿಮೆ ಕಳೆದು ಎರಡು ದಿನವಾಗಿದ್ದರಿಂದ ಆ ದಿನ ದೊಡ್ಡ ಭರತವಿತ್ತು. ಅಬರ್ಡೀನ್ ಕರಾವಳಿಯಲ್ಲಿ ಅಂಥ ದಿನಗಳಲ್ಲಿ ನೀರು ಸುಮಾರು 3.7 ಮೀಟರ್ ಏರಿ ಇಳಿಯುತ್ತದೆ. ನಾನು ಹುಟ್ಟಿ ಬೆಳೆದ ಗಂಗೊಳ್ಳಿಯ ಅಳಿವೆಯಲ್ಲಿ ಅದರ ಅರ್ಧವೂ ಆಗದು. ಬೆಳಗ್ಗೆ ಒಂಬತ್ತರ ಸುಮಾರಿಗೆ ಪೂರ್ತಿ ಇಳಿತವಾಗಿ, ಆಮೇಲೆ ನೀರು ಒಳಗೆ ನುಗ್ಗತೊಡಗುವ ಹೊತ್ತನ್ನು ಹಿಡಿಯಬೇಕೆಂದು ಎಂಟಕ್ಕೆಲ್ಲ ಅಲ್ಲಿದ್ದೆ.

ಗಂಗೊಳ್ಳಿಯಲ್ಲಿ ನನ್ನ ಸೋದರಮಾವ ಗಾಳ ಹಾಕುತ್ತಿದ್ದುದು ಜೀವಂತ ಸೀಗಡಿಯನ್ನು ಚುಚ್ಚಿ. ಊರಿಗೆ ಹೋದಾಗ ಒಮ್ಮೆ, ಎರೆಯ ಬದಲು ದಾರಕ್ಕೆ ಕಟ್ಟಿ ಎಸೆಯುವ ಹೊಳೆಯುವ ತಗಡಿನ ಸ್ಪೂನೊಂದನ್ನು ಅವರಿಗೆ ತೋರಿಸಿದ್ದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೋಸ ಮಾಡುದಾರೂ ಉಂಬುಕೆ ಹಾಕಿ ಮಾಡ್ಕ್ ಮಾರಾಯ" ಎಂದು ವಾಪಸು ಕೊಟ್ಟಿದ್ದರು. ಆ ಮಾತಿನಲ್ಲಿ ತಮಾಷೆಗಿಂತ ತಿಳಿವಳಿಕೆಯೇ ಹೆಚ್ಚಿತ್ತೆಂದು ನನಗೆ ಗೊತ್ತಾದದ್ದು ಐಥನ್ ದಂಡೆಯಲ್ಲಿ.

ಸೀ ಟ್ರೌಟ್ ಎಂಬುದು ನದಿಯ ಬ್ರೌನ್ ಟ್ರೌಟಿಗಿಂತ ಬೇರೆ ಜಾತಿಯಲ್ಲ. ಎರಡೂ ಒಂದೇ ಸಾಲ್ಮೊ ಟ್ರುಟ್ಟಾ. ಒಂದೇ ತೊರೆಯಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಅಲ್ಲೇ ಕಂದು ಬಣ್ಣದಲ್ಲಿ ಉಳಿದುಬಿಡುತ್ತವೆ, ಕೆಲವು ಒಂದೆರಡು ವರ್ಷ ಕಳೆದ ಮೇಲೆ ಬೆಳ್ಳಿಯ ಬಣ್ಣಕ್ಕೆ ತಿರುಗಿ ಕಡಲಿಗಿಳಿಯುತ್ತವೆ. ಕಡಲಿನಲ್ಲಿ ಕೊಬ್ಬಿ, ಮೊಟ್ಟೆಯಿಡಲು ಮತ್ತೆ ನದಿ ಹತ್ತುತ್ತವೆ. ನದಿ ಹತ್ತಿದ ಸೀ ಟ್ರೌಟ್ ತಿನ್ನುವುದು ಬಲು ಕಡಿಮೆ; ಅದು ಗಾಳ ಕಚ್ಚುವುದು ಸಿಟ್ಟಿಗೋ, ಹಳೆಯ ಅಭ್ಯಾಸಕ್ಕೋ ಎಂದು ಇಲ್ಲಿನವರು ಗಂಟೆಗಟ್ಟಲೆ ವಾದಿಸುತ್ತಾರೆ. ಅಳಿವೆಯ ಮೀನು ಹಾಗಲ್ಲ. ಅದಿನ್ನೂ ಹಸಿದಿರುತ್ತದೆ, ಬೇಟೆಗೆಂದೇ ಭರತದ ಜೊತೆ ಒಳಗೆ ಬರುತ್ತದೆ. ಆದ್ದರಿಂದ ನದಿಯಲ್ಲಿ ನಡೆಯುವ ಥಳುಕು ಇಲ್ಲಿ ನಡೆಯುವುದಿಲ್ಲ. ಊಟದಂತೆ ಕಾಣುವುದನ್ನೇ ಎಸೆಯಬೇಕು.

ಇಷ್ಟು ಓದಿಕೊಂಡಿದ್ದೂ ನನ್ನ ಪೆಟ್ಟಿಗೆ ಮಾತ್ರ ಜಾತ್ರೆಯ ಬಳೆ ಅಂಗಡಿಯಂತಿತ್ತು. ಒಟ್ಟು 27 ಲೂರುಗಳು, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆಗಳು: ಟೋಬಿ ಸ್ಪೂನುಗಳು, ರೆಕ್ಕೆ ತಿರುಗುವ ಮೆಪ್ಸ್ ಸ್ಪಿನ್ನರುಗಳು, ಮೀನಿನ ಕಣ್ಣು ಬರೆದ ಪ್ಲಾಸ್ಟಿಕ್ಕಿನವು, ಗುಲಾಬಿ, ಕಿತ್ತಳೆ, ಒಂದಂತೂ ಹುಲಿವೇಷದ ಪಟ್ಟೆಯದು. ಹಿಂದಿನ ದಿನ ಮಳೆ ಬಂದು ನೀರು ಚಹಾದ ಬಣ್ಣಕ್ಕೆ ತಿರುಗಿದ್ದರಿಂದ, ಮಬ್ಬು ನೀರಿಗೆ ತಾಮ್ರದ ಬಣ್ಣವೆಂಬ ಪುಸ್ತಕದ ಪಾಠ ನೆನೆದು ಅಗಲವಾದ ತಾಮ್ರದ ಸ್ಪೂನೊಂದನ್ನು ಕಟ್ಟಿ ಎಸೆದೆ. ಎಳೆದುಕೊಂಡಾಗ ಬಂದದ್ದು ಒಂದು ಹಿಡಿ ಹಸಿರು ಪಾಚಿ. ಎರಡನೆಯ ಸಲವೂ ಪಾಚಿ. ಮೂರನೆಯ ಸಲ ಒದ್ದೆ ಕೂದಲಿನ ಜಡೆಯಂತೆ ಮೊಳದುದ್ದದ ಕುಚ್ಚು ಗಾಳದ ಮೂರು ಮೊನೆಗಳಿಗೂ ಸುತ್ತಿಕೊಂಡು ಬಂತು. ಒಂದು ಗಂಟೆಯಲ್ಲಿ ನಾನು ಎಸೆದದ್ದಕ್ಕಿಂತ ಪಾಚಿ ಬಿಡಿಸಿದ್ದೇ ಹೆಚ್ಚು.

ಈ ಪಾಚಿ ಐಥನ್ ಅಳಿವೆಯ ಹಳೆಯ ರೋಗ. ನದಿಯ ಉದ್ದಕ್ಕೂ ಬೇಸಾಯದ ನೆಲವಿದೆ. ಹೊಲದ ಗೊಬ್ಬರದಲ್ಲಿನ ನೈಟ್ರೇಟು ಮಳೆಯಲ್ಲಿ ತೊಳೆದು ಬಂದು ಅಳಿವೆಯ ಕೆಸರಿನ ಮೇಲೆ ಪಾಚಿಯನ್ನು ಚಾಪೆ ಹಾಸಿದಂತೆ ಬೆಳೆಸುತ್ತದೆ. 2000ದಲ್ಲಿ ಇಡೀ ಜಲಾನಯನ ಪ್ರದೇಶವನ್ನೇ ನೈಟ್ರೇಟ್ ಅಪಾಯದ ವಲಯವೆಂದು ಘೋಷಿಸಿ, ರೈತರಿಗೆ ಗೊಬ್ಬರದ ಲೆಕ್ಕವನ್ನು ಕಡ್ಡಾಯ ಮಾಡಿದರು. ಆದರೂ ಬೇಸಿಗೆಯ ದೊಡ್ಡ ಭರತಗಳು ಆ ಚಾಪೆಯ ಅಂಚುಗಳನ್ನು ಕಿತ್ತು ನೀರಿನಲ್ಲಿ ತೇಲಿಬಿಡುತ್ತವೆ, ಅಷ್ಟೂ ನನ್ನ ಗಾಳವನ್ನೇ ಹುಡುಕಿಕೊಂಡು ಬಂದಂತೆ ಆ ದಿನ ತೋರಿತು.

ನನ್ನಿಂದ ನೂರು ಮಾರು ಕೆಳಗೆ ನಿಂತಿದ್ದ ಅಜ್ಜನೊಬ್ಬರು ಒಂದು ಸಲವೂ ಪಾಚಿ ಬಿಡಿಸಿದ್ದನ್ನು ನಾನು ಕಾಣಲಿಲ್ಲ. ಅಷ್ಟರಲ್ಲೇ ಅವರು ಎರಡು ಫಿನ್ನಕ್ ಹಿಡಿದು ಮತ್ತೆ ನೀರಿಗೆ ಬಿಟ್ಟಿದ್ದರು. ಕಡಲಿಗಿಳಿದ ವರ್ಷವೇ ಮರಳಿ ಬರುವ ಎಳೆಯ ಸೀ ಟ್ರೌಟಿಗೆ ಇಲ್ಲಿ ಆ ಹೆಸರು. ಬಳಿಗೆ ಹೋಗಿ ಮಾತನಾಡಿಸಿದೆ. ಅವರು ತಮ್ಮ ಸ್ಪೂನನ್ನು ಅಂಗೈ ಮೇಲಿಟ್ಟು ತೋರಿಸಿದರು. ಬೆರಳಿನಷ್ಟು ಉದ್ದ, ಬಿದಿರ ಎಲೆಯಂತೆ ಸಪೂರ, ಬಣ್ಣ ಅರ್ಧಕ್ಕರ್ಧ ಕಿತ್ತುಹೋಗಿದೆ. ಬಾಲದಲ್ಲಿ ಮೂರು ಮೊನೆಯ ಟ್ರೆಬಲ್ ಗಾಳದ ಬದಲು ಒಂಟಿ ಗಾಳ. ಸ್ಪೂನಿಗೂ ಗಾಳಕ್ಕೂ ನಡುವೆ ಸಣ್ಣದೊಂದು ಸ್ವಿವಲ್, ಎಂದರೆ ಸುತ್ತಲೂ ತಿರುಗುವ ಕೊಂಡಿ. ಒಂಟಿ ಮೊನೆಗೆ ಪಾಚಿ ಸಿಕ್ಕುವುದು ಕಡಿಮೆ. ಸೀ ಟ್ರೌಟಿನ ಬಾಯಿ ಮೆತ್ತಗೆ, ಸಿಕ್ಕಿಬಿದ್ದರೆ ಅದು ಗಿರಗಿರನೆ ಮೈ ತಿರುಚುತ್ತದೆ. ಆಗ ಭಾರದ ಸ್ಪೂನು ಸನ್ನೆಗೋಲಿನಂತೆ ಗಾಳವನ್ನು ಮೀಟಿ ಕೀಳುತ್ತದೆ, ಸ್ವಿವಲ್ ಇದ್ದರೆ ಗಾಳ ಮೀನಿನ ಜೊತೆಗೇ ತಿರುಗುತ್ತದೆ. ಇಷ್ಟನ್ನು ಹೇಳಿ ಅವರು ನನ್ನ ಪೆಟ್ಟಿಗೆಯೊಳಗೆ ಇಣುಕಿದರು. ಹುಲಿಪಟ್ಟೆಯದನ್ನು ನೋಡಿ ನಕ್ಕರು, ಟೀಕೆಯೇನೂ ಮಾಡಲಿಲ್ಲ.

ನನ್ನ ಬಳಿ ಒಂಟಿ ಗಾಳ ಒಂದೂ ಇರಲಿಲ್ಲ. ದಂಡೆಯ ಕಲ್ಲಿನ ಮೇಲೆ ಕೂತು, ಇದ್ದುದರಲ್ಲಿ ಸಪೂರವಾದ 18 ಗ್ರಾಂ ತೂಕದ ಬೆಳ್ಳಿ-ನೀಲಿ ಸ್ಪೂನನ್ನು ಆರಿಸಿ, ಅದರ ಟ್ರೆಬಲ್‌ನ ಎರಡು ಮೊನೆಗಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ಉಳಿದ ಮೊನೆಯ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿದೆ. ಆಗಲೇ ನಾನು ಮರೆಯಲಾಗದ ಒಂದು ಸಣ್ಣ ಸಂಗತಿ ನಡೆಯಿತು. ಫಾರ್ವಿಯಲ್ಲಿ ಬೇಸಿಗೆ ಕಳೆಯುವ ಟರ್ನ್ ಹಕ್ಕಿಗಳು, ನಮ್ಮ ಪಕ್ಷಿವೀಕ್ಷಕರು ರೀವ ಎನ್ನುವವು, ತಲೆಯ ಮೇಲೆ ಕಿರುಚಾಡುತ್ತ ಹಾದುಹೋಗುತ್ತಿದ್ದವು. ಎರಡು ಹಕ್ಕಿಗಳ ಕಿತ್ತಾಟದಲ್ಲಿ ಒಂದರ ಕೊಕ್ಕಿನಿಂದ ಮೀನು ಜಾರಿ ನನ್ನಿಂದ ನಾಲ್ಕು ಹೆಜ್ಜೆ ದೂರದ ಮರಳಿನ ಮೇಲೆ ಬಿತ್ತು. ಅದು ಸ್ಯಾಂಡ್ ಈಲ್. ಹೆಸರಿಗೆ ಈಲ್ ಆದರೂ ಹಾವುಮೀನಲ್ಲ, ಅಪಾಯ ಕಂಡರೆ ಮರಳಿನೊಳಗೆ ಹುದುಗುವ ಚಿಕ್ಕ ಮೀನು. ನನ್ನ ತೋರುಬೆರಳಿಗಿಂತ ಸ್ವಲ್ಪವೇ ಉದ್ದ, ಪೆನ್ಸಿಲಿಗಿಂತ ಸಪೂರ, ಬೆನ್ನು ಹಸಿರು-ನೀಲಿ, ಪಕ್ಕೆ ಕನ್ನಡಿಯಂಥ ಬೆಳ್ಳಿ, ಕೆಳದವಡೆ ಮುಂದಕ್ಕೆ ಚಾಚಿ ಮೊಂಡು ಹಟದ ಮುಖ. ಅದನ್ನು ಸ್ಪೂನಿನ ಪಕ್ಕದಲ್ಲಿಟ್ಟು ನೋಡಿದೆ. ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನನ್ನ ತಾಮ್ರದ ಸ್ಪೂನು ಅದರ ಮುಂದೆ ಸೌಟಿನಂತೆ ಕಂಡಿತು. ಉದ್ದ ಮತ್ತು ಸಪೂರ ಆಕಾರ ಮೊದಲು, ತೂಕ ಆಮೇಲೆ, ಬಣ್ಣ ಎಲ್ಲಕ್ಕೂ ಕೊನೆಗೆ ಎಂಬ ನನ್ನ ಈಗಿನ ಲೆಕ್ಕ ಆ ಕಲ್ಲಿನ ಮೇಲೆ ಹುಟ್ಟಿದ್ದು.

ಹತ್ತರ ಹೊತ್ತಿಗೆ ಭರತದ ಮೊದಲ ನಾಲಗೆ ಕಾಲುವೆಯೊಳಗೆ ಬಂತು. ನದಿಯ ನೀರು ಒಂದು ಗಳಿಗೆ ನಿಂತು, ತಬ್ಬಿಬ್ಬಾದಂತೆ ಸುಳಿದು, ಹಿಂದಕ್ಕೆ ಹರಿಯತೊಡಗಿತು. ಹರಿವಿಗೆ ಅಡ್ಡವಾಗಿ ಎಸೆದು, ದಾರವನ್ನು ಬಿಗಿಯಾಗಿಟ್ಟುಕೊಂಡು, ಸ್ಪೂನನ್ನು ನೀರೇ ಕಮಾನಿನಂತೆ ಒಯ್ಯಲು ಬಿಟ್ಟೆ. ರೀಲನ್ನು ಸುತ್ತಿದ್ದು ದಾರ ಸಡಿಲಾಗದಷ್ಟು ಮಾತ್ರ. ಐದನೆಯದೋ ಆರನೆಯದೋ ಎಸೆತದಲ್ಲಿ ಸ್ಪೂನಿನ ಹಿಂದೆ ನೀರು ಉಬ್ಬಿತು. ಮೀನು ನನ್ನ ಕಾಲಬುಡದವರೆಗೂ ಹಿಂಬಾಲಿಸಿ ಬಂತು. ನಾನು ಕೈ ನಿಲ್ಲಿಸಿದೆ. ಸ್ಪೂನು ದೊಪ್ಪನೆ ತಳಕ್ಕಿಳಿಯಿತು, ಮೀನು ಪಕ್ಕೆ ಮಿಂಚಿಸಿ ಹೊರಟುಹೋಯಿತು. ಸುತ್ತುತ್ತ ಸುತ್ತುತ್ತ ಒಂದು ಕ್ಷಣ ನಿಲ್ಲಿಸಿದರೆ ಸೀ ಟ್ರೌಟ್ ಕಚ್ಚುತ್ತದೆಂದು ಅನೇಕರು ಹೇಳುತ್ತಾರೆ. ಆಳದ ತಿಳಿ ನೀರಿನಲ್ಲಿ, ನಿಧಾನವಾಗಿ ಇಳಿಯುವ ಹಗುರ ಲೂರಿಗೆ ಅದು ನಿಜವಿರಬಹುದು. ಮೊಣಕಾಲುದ್ದದ ನೀರಿನಲ್ಲಿ ತೂಕದ ಸ್ಪೂನಿಗೆ ಆ ಉಪಾಯ ಒಗ್ಗುವುದಿಲ್ಲ. ಬೆನ್ನಟ್ಟಿ ಬರುವವನನ್ನು ಕಂಡು ನಿಂತು ಕಾಯುವ ಸ್ಯಾಂಡ್ ಈಲ್ ಎಲ್ಲಿದೆ?

ಇದನ್ನು ಪರೀಕ್ಷಿಸುವ ಮೊದಲೇ, ಮೀನು ತಿಂದು ಬದುಕುವ ಕಡಲ ಪ್ರಾಣಿಯಾದ ಬೂದು ಸೀಲೊಂದು ಭರತದ ಜೊತೆ ತೇಲಿ ಬಂದು, ಕಾಲುವೆಯ ನಡುವೆ ಬೋಳುತಲೆ ಎತ್ತಿ ನನ್ನನ್ನು ದಿಟ್ಟಿಸಿತು. ಅಳಿವೆಯ ಬಾಯಲ್ಲಿ ಅವು ಹಿಂಡುಹಿಂಡಾಗಿ ಬಿದ್ದುಕೊಂಡಿರುತ್ತವೆ. ಆಮೇಲಿನ ಮುಕ್ಕಾಲು ಗಂಟೆ ನೀರಿನಲ್ಲಿ ಮೀನಿನ ಸುಳಿವೇ ಇಲ್ಲ. ಅಜ್ಜ ಫ್ಲಾಸ್ಕಿನಿಂದ ಚಹಾ ಸುರಿದುಕೊಂಡು ಕೂತರು.

ಸೀಲು ಮೇಲಕ್ಕೆ ಸಾಗಿದ ಮೇಲೆ, ಮಸ್ಸೆಲ್ ಹಾಸಿನ ಅಂಚಿನಲ್ಲಿ ನೀರು ಇಬ್ಭಾಗವಾಗುವ ಕಡೆಗೆ ಎಸೆದೆ. ಮತ್ತೆ ಹಿಂದೆ ಅದೇ ಉಬ್ಬು. ಈ ಸಲ ಕೈ ನಿಲ್ಲಿಸದೆ ರೀಲನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ. ಕೋಲು ಬಾಗಿತು, ಮೀನು ಎರಡು ಸಲ ಪೂರ್ತಿ ನೀರಿನಿಂದ ಮೇಲೆ ನೆಗೆಯಿತು, ಮೈ ತಿರುಚಿತು. ನನ್ನ ಕತ್ತರಿಸಿದ ಗಾಳಕ್ಕೆ ಸ್ವಿವಲ್ ಇರಲಿಲ್ಲವೆಂಬುದು ಆ ಹೊತ್ತಿನಲ್ಲೇ ನೆನಪಾಗಬೇಕೆ! ಆದರೂ ಗಾಳ ಜಾರಲಿಲ್ಲ. ಕೈಬಲೆಯನ್ನು ನೀರಿನಲ್ಲೇ ಹಿಡಿದು, ಕೋಲಿನ ಮೇಲೆ ಮಾಡಿಕೊಂಡಿದ್ದ ಗುರುತಿಗೆ ಮೀನನ್ನು ತಾಳೆ ನೋಡಿದೆ: 46 ಸೆಂಟಿಮೀಟರ್. ಬಾಲದ ಹತ್ತಿರ ಎರಡು ಕಡಲ ಹೇನುಗಳು ಇನ್ನೂ ಅಂಟಿಕೊಂಡಿದ್ದವು. ಸಿಹಿನೀರಿಗೆ ಬಂದ ಕೆಲವೇ ದಿನಗಳಲ್ಲಿ ಅವು ಉದುರಿಹೋಗುವುದರಿಂದ ಮೀನು ಕಡಲಿನಿಂದ ಆಗಷ್ಟೇ ಬಂದದ್ದೆಂದು ತಿಳಿಯಿತು. ಒದ್ದೆ ಕೈಯಲ್ಲಿ ಹಿಡಿದರೂ ನಾಲ್ಕಾರು ಹುರುಪೆಗಳು ಬೆರಳಿಗೆ ಅಂಟಿ ಬಂದವು. ಒಂದೇ ಮೊನೆಯಾದ್ದರಿಂದ ಗಾಳ ಬಿಡಿಸಲು ಒಂದು ಕ್ಷಣ ಸಾಕಾಯಿತು. ಹಿಂದಿನ ವರ್ಷ ಟ್ರೆಬಲ್ ನುಂಗಿದ ಮೀನೊಂದರ ಕಿವಿರಿನಿಂದ ರಕ್ತ ಸುರಿದು, ಬಿಟ್ಟರೂ ಮಗುಚಿಕೊಂಡು ತೇಲಿಹೋದದ್ದನ್ನು ಕಂಡಿದ್ದವನಿಗೆ ಆ ಒಂದು ಕ್ಷಣದ ಬೆಲೆ ಗೊತ್ತಿತ್ತು. ಮೀನನ್ನು ಹರಿವಿಗೆ ಮುಖಮಾಡಿ ಹಿಡಿದೆ. ಎರಡು ಸಲ ಕಿವಿರು ತೆರೆದು ಮುಚ್ಚಿ, ಬಾಲ ಬೀಸಿ ಹೋಯಿತು.

ಈ ಸಡಗರದಲ್ಲಿ ಬೆನ್ನ ಹಿಂದಿನ ತಗ್ಗಿಗೆ ನೀರು ತುಂಬಿದ್ದನ್ನು ಗಮನಿಸಿರಲಿಲ್ಲ. ಅಜ್ಜ ದಡದಿಂದ ಕೈಬೀಸಿ ಕೂಗಿದರು. ಸೊಂಟದವರೆಗಿನ ನೀರಿನಲ್ಲಿ, ಕೋಲನ್ನು ತಲೆಯ ಮೇಲೆತ್ತಿ ಹಿಡಿದು ದಾಟಿ ಬಂದೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಈಜಬೇಕಾಗುತ್ತಿತ್ತು.

ಕಾರಿನ ಡಿಕ್ಕಿ ತೆರೆದು, ಅಂಚಿನಲ್ಲಿ ಕೂತು, ಪ್ಲೇಯರ್ ಹಿಡಿದು ಪೆಟ್ಟಿಗೆಯಲ್ಲಿ ಉಳಿದಿದ್ದ ಇಪ್ಪತ್ತಾರನ್ನೂ ಒಂದೊಂದಾಗಿ ಹೊರತೆಗೆದೆ. ಸಪೂರವಾಗಿದ್ದ ಏಳರ ಟ್ರೆಬಲ್ ಕಳಚಿ ಬೇರೆ ಇಟ್ಟೆ. ಅಗಲವಾದವನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ಹುಲಿಪಟ್ಟೆಯದನ್ನು ಮಾತ್ರ ಮಾವನಿಗೆ ತೋರಿಸಲೆಂದು ಜೇಬಿಗೆ ಹಾಕಿಕೊಂಡೆ.