ಮುಳ್ಳು ಬೀಳವಲ್ದು

"ಅಣ್ಣಾರ, ಮದ್ಲ ಗಾಳಿ ಬಿಟ್ಟಾಗ ಮುಳ್ಳು ತುಸು ಕೆಳಗ ಬೀಳ್ತಿತ್ರಿ. ಈಗ ಬೀಳವಲ್ದು."

ಸೋಮವಾರ ಬೆಳಿಗ್ಗೆ, ಗಾಳಿಯ ಒತ್ತಡ ತೋರಿಸೋ ಗೇಜ್‌ನ ಮುಳ್ಳು ನೋಡಿ ನಮ್ಮ ಹೆಲ್ಪರ್ ಹುಡುಗ ಹೇಳಿದ ಮಾತಿದು. ನಾನು ಕೊಟ್ಟ ಉತ್ತರವೂ ಚೆನ್ನಾಗಿ ನೆನಪಿದೆ. "ಬೀಳದಿದ್ರೆ ಒಳ್ಳೇದೇ ಅಲ್ವೇನೋ? ಹೋಗು, ಪ್ಲೇಟ್ ಹಾಕು."

ಆ ಉತ್ತರಕ್ಕೆ ಎರಡೂವರೆ ದಿನ, ಕತ್ತರಿಸೋ ಮೆಷಿನ್ನಿನ ತುದಿಗೆ ಹಾಕೋ 14 ನಾಝಲ್ ದಂಡ ಕಟ್ಟಿದ್ದೇನೆ.

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಒಂದು ಸಿಎನ್‌ಸಿ ಪ್ಲಾಸ್ಮಾ (ಕರೆಂಟಿನ ಕಿಡಿ, ಗಾಳಿ ಸೇರಿಸಿ ಕಬ್ಬಿಣದ ಪ್ಲೇಟ್ ಕತ್ತರಿಸೋ ಕಂಪ್ಯೂಟರ್ ಮೆಷಿನ್), ಎರಡು ವೆಲ್ಡಿಂಗ್ ಸೆಟ್, ಗಾಳಿ ಒದಗಿಸೋಕೆ ಒಂದು ಮುದಿ ಕಂಪ್ರೆಸರ್. 8 ಎಂಎಂ ಬೇಸ್ ಪ್ಲೇಟ್ ಆರ್ಡರ್ ಇತ್ತು, 240 ಪೀಸ್. ಪ್ಲಾಸ್ಮಾದ ಟಾರ್ಚ್, ಅಂದರೆ ಕತ್ತರಿಸೋ ತಲೆ, ಕೆಳಗಿಳಿಯುತ್ತೆ, ಟಿಕ್ ಅನ್ನುತ್ತೆ, ಗಾಳಿ ಬರುತ್ತೆ, ಕತ್ತರಿಸೋ ಕಿಡಿ, ಆರ್ಕ್, ಮಾತ್ರ ಹತ್ತೋದಿಲ್ಲ. ಮೂರನೇ ಸಲಕ್ಕೆ ಹತ್ತಿದರೂ ಕಟ್ ನೋಡೋ ಹಾಗಿಲ್ಲ. ಕೆಳಗೆ ದಪ್ಪಗೆ ಕಿಟ್ಟ, ತೂತು ಮೇಲೊಂದು ಅಳತೆ, ಕೆಳಗೊಂದು ಅಳತೆ. ನಾಝಲ್ ಬಿಚ್ಚಿದರೆ ದುಂಡಗಿರಬೇಕಾದ ಬಾಯಿ ಮೊಟ್ಟೆ ಆಕಾರಕ್ಕೆ ಬಂದಿದೆ.

ನಮ್ಮ ಟಾರ್ಚ್‌ನಲ್ಲಿ ಎಲೆಕ್ಟ್ರೋಡು ನಾಝಲ್‌ಗೆ ತಾಗಿಕೊಂಡೇ ಕೂತಿರುತ್ತೆ. ಗಾಳಿ ನುಗ್ಗಿ ಅದನ್ನು ಹಿಂದಕ್ಕೆ ದಬ್ಬಿದಾಗಲೇ ಕಿಡಿ ಹುಟ್ಟೋದು. ಆಮೇಲೆ ಕರಗಿದ ಕಬ್ಬಿಣ ಊದಿ ತಳ್ಳೋದೂ ಗಾಳಿಯೇ, ನಾಝಲ್ ಸುಟ್ಟುಹೋಗದ ಹಾಗೆ ಕಾಯೋದೂ ಗಾಳಿಯೇ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಗಾಳಿ ಮೇಲೆ ಅನುಮಾನ ಬರಲಿಲ್ಲ. ಯಾಕೆಂದರೆ ಗೇಜ್ 6 ಬಾರ್ ತೋರಿಸುತ್ತಿತ್ತು. ಗಾಳಿ ಬಿಟ್ಟರೂ 6, ನಿಲ್ಲಿಸಿದರೂ 6. ಬಂಡೆ ಥರ ನಿಂತಿತ್ತು.

ಮಂಗಳವಾರ ಸರ್ವೀಸ್‌ನವನು ಬಂದ. ಇಸ್ತ್ರಿ ಅಂಗಿ, ಕಿವಿಯಲ್ಲಿ ಬ್ಲೂಟೂತ್. ಗೇಜ್ ನೋಡಿ "ಏರ್ ಓಕೆ ಸರ್" ಅಂದ. ಟಾರ್ಚ್‌ಗೆ ಗಾಳಿ ಬಿಡೋ ವಾಲ್ವ್‌ನ ಕಾಯಿಲ್‌ಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದ. ಕರೆಂಟ್ ಬಂದಾಗ ಅದು ಕಚ್ಚಿ ಎಳೆಯಿತು, ಟಿಕ್ ಅಂತಲೂ ಕೇಳಿಸಿತು. "ವಾಲ್ವೂ ಓಕೆ." ಕಡೆಗೆ ಮೆಷಿನ್‌ನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, 38 ಸಾವಿರ ಆಗುತ್ತೆ ಅಂತ ಹೇಳಿ, ವಿಸಿಟಿಂಗ್ ಚಾರ್ಜ್ ಇಸ್ಕೊಂಡು ಹೋದ. ಮೆಷಿನ್ ಮುಂದೆ ಹತ್ತು ನಿಮಿಷ ನಿಂತಿದ್ದರೆ ಹೆಚ್ಚು. ಬೈಯಬೇಕು ಅನ್ನಿಸುತ್ತೆ. ಆದರೆ ನಾನು ಒಂದೂವರೆ ದಿನ ನಿಂತು ಅದನ್ನೇ ನೋಡಿ ಅದನ್ನೇ ಅಂದಿದ್ದೆನಲ್ಲ.

ಬುಧವಾರ ಮಧ್ಯಾಹ್ನ, ಬೋರ್ಡ್‌ಗೆ ಅಡ್ವಾನ್ಸ್ ಹಾಕೋಣ ಅಂತ ಫೋನ್ ತೆಗೆದಾಗ ಹುಡುಗನ ಮಾತು ನೆನಪಾಯಿತು. ಬೀಳವಲ್ದು. ಟೀ ಲೋಟ ಅಲ್ಲೇ ಇಟ್ಟು ಎದ್ದೆ.

ಮುಳ್ಳು ಬೀಳಬೇಕು ಕಣ್ರೀ! ಗಾಳಿ ಓಡಿದರೆ ಗಟ್ಟಿಮುಟ್ಟಾದ ಲೈನ್‌ನಲ್ಲೂ ಮುಳ್ಳು ಸ್ವಲ್ಪವಾದರೂ ಇಳಿಯುತ್ತೆ. 3ಕ್ಕೋ 4ಕ್ಕೋ ಬಿದ್ದುಹೋದರೆ ತೊಂದರೆ ಗೇಜ್‌ಗಿಂತ ಹಿಂದೆ: ಕಂಪ್ರೆಸರ್, ಕಟ್ಟಿಕೊಂಡ ಫಿಲ್ಟರ್, ಸಣ್ಣ ಪೈಪ್. ಅಲ್ಲಾಡದೇ ನಿಂತರೆ ಗಾಳಿ ಮುಂದಕ್ಕೆ ಸರಿಯಾಗಿ ಹೋಗ್ತಾನೇ ಇಲ್ಲ ಅಂತ. ತಡೆ ಇರೋದು ಗೇಜ್‌ನಿಂದ ಮುಂದೆ. ಅಲ್ಲಿ ಇರೋದು ವಾಲ್ವ್, ಟಾರ್ಚ್ ಹೋಸ್, ಎರಡೇ. ಒತ್ತಡ ಕಡಿಮೆಯಾದರೆ ಎಚ್ಚರಿಸೋ ಮೆಷಿನ್‌ನ ಪ್ರೆಷರ್ ಸ್ವಿಚ್ ಕೂಡ ವಾಲ್ವ್‌ಗಿಂತ ಹಿಂದೆ ಕೂತಿದೆ. ಅದಕ್ಕೇ ಅಲಾರಂ ಹೊಡೆದಿಲ್ಲ.

ವಾಲ್ವ್‌ನಿಂದ ಹೊರಗೆ ಬರೋ ಹೋಸ್ ಬಿಚ್ಚಿ, ಬರೀ ಗಾಳಿ ಟೆಸ್ಟ್ ಹಾಕಿ ಅಂಗೈ ಹಿಡಿದೆ. ಕೈ ಹಿಂದಕ್ಕೆ ತಳ್ಳಬೇಕಾದ ಗಾಳಿ ದೀಪ ಆರಿಸೋಷ್ಟು ಬರುತ್ತಿತ್ತು.

ಮೇನ್ ಆಫ್ ಮಾಡಿ, ಲೈನ್‌ನ ಗಾಳಿ ಖಾಲಿ ಮಾಡಿ, ವಾಲ್ವ್‌ನ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಕಾಫಿ ಗಸಿಯಂಥ ಕೆಸರು. ಜಿಐ ಪೈಪಿನ ತುಕ್ಕು, ಕಂಪ್ರೆಸರ್ ಉಗುಳಿದ ಆಯಿಲ್, ಮಳೆಗಾಲದ ನೀರು, ಮೂರೂ ಕಲಸಿಕೊಂಡಿದ್ದವು. ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಬ್ಬರ್ ಡಯಾಫ್ರಾಮ್, ಅಂಚಿನಲ್ಲಿ ಉಗುರಿನಷ್ಟು ಸೀಳು. ಕಾಯಿಲ್ ಟಿಕ್ ಅಂದಾಗ ರಬ್ಬರ್ ಮೇಲಿನ ಗಾಳಿ ಖಾಲಿಯಾಗಬೇಕು, ಆಗ ಕೆಳಗಿನ ಗಾಳಿ ರಬ್ಬರನ್ನು ಎತ್ತಿ ದಾರಿ ಬಿಡುತ್ತೆ. ಸೀಳಿನಿಂದ ಗಾಳಿ ಮೇಲಕ್ಕೆ ನುಗ್ಗುತ್ತಲೇ ಇದ್ದರೆ ರಬ್ಬರ್ ಅರ್ಧಕ್ಕೇ ಏಳುತ್ತೆ. ಟಿಕ್ ಮಾತ್ರ ಸರಿಯಾಗಿಯೇ ಕೇಳುತ್ತೆ.

ಎಸ್.ಜೆ.ಪಿ. ರೋಡಿನಿಂದ ತರಿಸಿದ ರಬ್ಬರ್ ಕಿಟ್‌ಗೆ 350 ರೂಪಾಯಿ. ಸಂಜೆ ಆರಕ್ಕೆ ಮೊದಲ ಸಲಕ್ಕೇ ಆರ್ಕ್ ಹತ್ತಿತು. ಮುಳ್ಳು ಅರ್ಧ ಬಾರ್ ಇಳಿದು ನಿಂತಿತು.

ಹುಡುಗನಿಗೆ ಇದು ಹೇಗೆ ಗೊತ್ತಾಯಿತು ಅಂತ ಯೋಚಿಸುತ್ತಿದ್ದೆ. ಹುನಗುಂದದ ಕಡೆಯವನು, ಎಸ್ಸೆಸ್ಸೆಲ್ಸಿ ಆಗಿಲ್ಲ, ಬಂದು ಎಂಟು ತಿಂಗಳು. ದಿನಾ ಬೆಳಿಗ್ಗೆ ಕಂಪ್ರೆಸರ್ ನೀರು ಬಿಡೋ ಕೆಲಸ ಅವನದು. ನೀರು ಬಿಡುವಾಗ ಕಣ್ಣೆದುರಿಗೆ ಆ ಗೇಜ್ ಇರುತ್ತೆ. ನೋಡೋಕೆ ಬೇರೇನೂ ಇಲ್ಲ, ಅದನ್ನೇ ನೋಡಿದ್ದಾನೆ. ನಾನು 19 ವರ್ಷದಿಂದ ಗೇಜ್‌ನಲ್ಲಿ ನಂಬರ್ ಓದುತ್ತಿದ್ದೇನೆ. ಅವನು ಮುಳ್ಳು ನೋಡುತ್ತಿದ್ದ.

ನಾನೂ ಹೆಲ್ಪರ್ ಆಗಿಯೇ ಶುರು ಮಾಡಿದವನು. ಲೇತ್ ಹತ್ತಿರ ಬೆಲ್ಟ್ ಸುಟ್ಟ ವಾಸನೆ ಬರ್ತಿದೆ ಅಂದಾಗ ಆಗಿನ ನಮ್ಮ ಮೇಸ್ತ್ರಿ "ಮುಚ್ಕೊಂಡು ಕಬ್ಬಿಣದ ಚೂರು ಗುಡಿಸು" ಅಂದಿದ್ದರು. ಅವರನ್ನು ಎಷ್ಟು ವರ್ಷ ಮನಸ್ಸಲ್ಲೇ ಬೈದಿದ್ದೀನೋ. ಸೋಮವಾರ ನನ್ನ ಬಾಯಿಂದ ಬಂದದ್ದು ಅದೇ ಮಾತು, ಸ್ವಲ್ಪ ಮೆತ್ತಗೆ ಅಷ್ಟೇ. ಮೆತ್ತಗೆ ಹೇಳಿದ್ದರಿಂದಲೇ ನಾನೇನೋ ಒಳ್ಳೆ ಓನರ್ ಅಂದುಕೊಂಡಿದ್ದೆ ಬೇರೆ.

ಇವತ್ತು ಬೆಳಿಗ್ಗೆ ಅವನಿಗಿಂತ ಮೊದಲೇ ಹೋಗಿ ಕಂಪ್ರೆಸರ್ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಾಕ್ ತಿರುಗಿಸಿದೆ. ಕಂದು ನೀರು ಬುಸ್ ಅಂತ ಎದೆಗೇ ಹಾರಿತು. ಹಿಂದೆ ಹುಡುಗ ಬಂದು ನಿಂತಿದ್ದ.

"ಬಿಡ್ರಿ ಅಣ್ಣಾರ, ಅದನ್ನ ಅಷ್ಟ್ ಜೋರ್ ತಿರುವಬಾರ್ದ್ರಿ."