ಮ್ಯಾಪ್ ಉಂಟಲ್ಲ

ಕಾಸರಗೋಡಿನ ಬದಿಯಡ್ಕದಲ್ಲಿ ಪಾರ್ಸೆಲ್ ಹಂಚುವ ಕೇಂದ್ರವಾದ ಕೊರಿಯರ್ ಹಬ್ಬಿನಿಂದ ಈ ಸೋಮವಾರ ಇನ್ನೊಬ್ಬ ಹುಡುಗ ಕೆಲಸ ಬಿಟ್ಟ. ಅಲ್ಲಿ ಇದು ಸುದ್ದಿಯೇ ಅಲ್ಲ, ಬಂದ ಪುಟ್ಟ ಹೋದ ಪುಟ್ಟ ಎಂಬ ಹಾಗೆ ನಡೆಯುವ ಜಾಗ. ಆದರೆ ಇವನು ಪೆರ್ಲ–ಕಾಟುಕುಕ್ಕೆ ರೂಟಿನವನು, ಎರಡು ಮಳೆಗಾಲ ದಾಟಿದವನು. ಬ್ಯಾಗು, ಐಡಿ ಕಾರ್ಡು, ಹಿಂದಿನ ದಿನ ಮನೆಬಾಗಿಲಲ್ಲಿ ಗ್ರಾಹಕರಿಂದ ಪಡೆದ ಸಿಒಡಿ ಹಣ ಎಲ್ಲ ಮೇಜಿನ ಮೇಲಿಟ್ಟು, "ಸರ್, ಕಷ್ಟದ ಮನೆಗಳದ್ದೊಂದು ಪಟ್ಟಿ ಬರೆದು ಕೊಡ್ತೇನೆ, ಹೊಸಬನಿಗೆ ಬೇಕಾದೀತು" ಎಂದ. ಇನ್‌ಚಾರ್ಜ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅದೆಲ್ಲ ಎಂತಕ್ಕೆ? ಮ್ಯಾಪ್ ಉಂಟಲ್ಲ."

ಮ್ಯಾಪ್ ಉಂಟು ಹೌದು. ಆದರೆ ಈ ಕಡೆಯ ವಿಳಾಸದಲ್ಲಿ ಮ್ಯಾಪಿಗೆ ಹಿಡಿದುಕೊಳ್ಳಲು ಏನಿದೆ? ಮನೆ ಹೆಸರು, ಅಂಚೆ, ಪೆರ್ಲ, 671552. ರಸ್ತೆಗೆ ಹೆಸರಿಲ್ಲ, ಮನೆಗೆ ಡೋರ್ ನಂಬರ್ ಇದ್ದರೂ ಯಾರೂ ಬರೆಯುವುದಿಲ್ಲ. ಒಂದೇ ಅಂಚೆಯ ವ್ಯಾಪ್ತಿಯಲ್ಲಿ 'ಹೊಸಮನೆ' ಎರಡು ಮೂರು ಇರುವುದುಂಟು, ಒಂದು ಗುಡ್ಡದ ಆಚೆ, ಒಂದು ಈಚೆ. ಗ್ರಾಹಕರು ಲೊಕೇಶನ್ ಕಳಿಸಿದರೂ ಪಿನ್ ಬೀಳುವುದು ತೋಟದ ನಡುವೆ. ಪರದೆಯಲ್ಲಿ ಮನೆ ಇನ್ನೂರು ಮೀಟರ್ ದೂರ. ನಡುವೆ ತೋಡು, ತೋಡಿಗೆ ಅಡಿಕೆ ಮರದ ಕಾಲುಸಂಕ. ಬೈಕಿಗೆ ದಾರಿ ಬೇಕಾದರೆ ಬಂದ ದಾರಿಯಲ್ಲೇ ಮುಖ್ಯರಸ್ತೆಗೆ ಹೋಗಿ ಇನ್ನೊಂದು ಬದಿಯಿಂದ ಇಳಿಯಬೇಕು. ಜೂನ್ ನಂತರವಂತೂ ಆ ಸಂಕವೂ ಇರುವುದಿಲ್ಲ.

ಹುಡುಗ ಬರೆದುಕೊಡುತ್ತೇನೆ ಎಂದದ್ದು ಇದನ್ನೇ. ಯಾವ ಮನೆಯ ಪಾರ್ಸೆಲನ್ನು ಯಾವ ಅಂಗಡಿಯಲ್ಲಿ ಬಿಟ್ಟರೆ ಬೇಸರವಿಲ್ಲ, ಯಾವ ಇಳಿಜಾರಿನಲ್ಲಿ ರೇಂಜ್ ಸಿಗದೆ ಒಟಿಪಿ ಬರುವುದಿಲ್ಲ, ಆದ್ದರಿಂದ ಮೇಲೆ ಬಸ್ ಸ್ಟಾಪಿನ ಹತ್ತಿರವೇ ಕರೆ ಮಾಡಿ ಒಟಿಪಿ ಕೇಳಿಟ್ಟುಕೊಳ್ಳಬೇಕು. ಮಳೆ ಬಿಟ್ಟು ಬಿಸಿಲು ಕಂಡ ದಿನ ಅಡಿಕೆಗೆ ಬೋರ್ಡೋ ಔಷಧಿ ಬಿಡುವವರು ಫೋನನ್ನು ಜಗಲಿಯಲ್ಲಿಟ್ಟು ತೋಟಕ್ಕೆ ಇಳಿದಿರುತ್ತಾರೆ, ಅಂಥ ದಿನ ಆ ಬದಿಯ ಲೋಡನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಬೇಕು. ಯಾವ ಮನೆಯ ನಾಯಿಯನ್ನು ಕಟ್ಟಿ ಹಾಕುವುದಿಲ್ಲ ಎಂಬುದೂ ಆ ಪಟ್ಟಿಯಲ್ಲಿ ಇರಬೇಕಾದ್ದೇ.

ಇದಕ್ಕೆ ಬೆಲೆ ಎಷ್ಟು? ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಕೊಟ್ಟು ಮುಗಿಸಿದ ಪಾರ್ಸೆಲಿಗೆ 14 ರೂಪಾಯಿ, ದಿನಕ್ಕೆ 60ರ ಲೋಡು. ದಾರಿ ಗೊತ್ತಿದ್ದವನು 52 ಕೊಟ್ಟು ಬರುತ್ತಾನೆ, 728 ರೂಪಾಯಿ. 80 ಕಿಲೋಮೀಟರ್ ಓಟಕ್ಕೆ, ಲೀಟರಿಗೆ 45 ಸಿಕ್ಕರೂ, ಪೆಟ್ರೋಲು 190ರ ಹತ್ತಿರ. ಕೈಯಲ್ಲಿ 538. ಹೊಸಬನಿಗೆ ಅದೇ ಲೋಡು, ಅದೇ ಪೆಟ್ರೋಲು, ದಾರಿ ತಪ್ಪಿದ್ದಕ್ಕೆ ಸ್ವಲ್ಪ ಹೆಚ್ಚೇ. ಅವನು 32 ಕೊಟ್ಟರೆ 448 ರೂಪಾಯಿ, ಕೈಯಲ್ಲಿ ಉಳಿಯುವುದು 258. ಆಯಿಲ್, ಚೈನು, ಬ್ರೇಕ್ ಶೂ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮುರಕಲ್ಲಿನ ಏರು ದಾರಿಯಲ್ಲಿ ಹಿಂದೆ ಭಾರ ಹೇರಿಕೊಂಡು ಹೋಗುವ ಬೈಕಿನ ಹಿಂಬದಿ ಟೈರು ಎಷ್ಟು ದಿನ ಬಂದೀತು? ಇದಕ್ಕಿಂತ ಅಡಿಕೆ ಹೆಕ್ಕಲು ಹೋಗುವುದು ಲಾಭ. ಹೋಗುತ್ತಾರೆ ಕೂಡ.

ಕೊಡದೆ ಉಳಿದ 28 ಮರುದಿನದ ಲೋಡಿನ ಮೇಲೆ ಬಂದು ಕೂರುತ್ತದೆ. ಎರಡನೇ ದಿನ ಹೊಸಬನ ಬ್ಯಾಗಿನ ಬಾಯಿ ಮುಚ್ಚುವುದಿಲ್ಲ. ಸಾಮಾನ್ಯವಾಗಿ ಮೂರು ಸಲ ಹೋಗಿಯೂ ಕೊಡಲಾಗದ ಪಾರ್ಸೆಲು ಕಳಿಸಿದವರಿಗೇ ವಾಪಸು, ಕೊಟ್ಟು ಮುಗಿಸಿದ ಪಾರ್ಸೆಲಿನಲ್ಲಿ ಹಬ್ಬಿನ ಶೇಕಡಾವಾರು ಕೆಳಗೆ. ಬೆಳಗಿನ ಕಾಲ್‌ನಲ್ಲಿ ಮೇಲಿನವರು ಇನ್‌ಚಾರ್ಜಿಗೆ ಬಯ್ಯುತ್ತಾರೆ, ಅವನು ಸಂಜೆ ಹುಡುಗರಿಗೆ, "ಪೆಂಡಿಂಗ್ ತೋರಿಸಬೇಡ, ಕಸ್ಟಮರ್ ಡೇಟ್ ಮುಂದೆ ಹಾಕಿದ್ದಾರೆ ಅಂತ ಒತ್ತು" ಎನ್ನುತ್ತಾನೆ. ಮನೆಯಲ್ಲೇ ಕಾದು ಕೂತ ಟೀಚರಿಗೆ ತಾನು ಹೇಳದ ಮಾತು ಮೆಸೇಜಾಗಿ ಬರುತ್ತದೆ. ಅವರು ದೂರು ಕೊಟ್ಟರೆ ದಂಡ ಹೋಗುವುದು ಗುಂಡಿ ಒತ್ತಿದವನ ಲೆಕ್ಕದಿಂದ. ಒತ್ತು ಎಂದವನದ್ದಲ್ಲ.

ಇನ್‌ಚಾರ್ಜ್ ಕೆಟ್ಟವನೇನಲ್ಲ ಪಾಪ, ಬಸ್ಸಿಲ್ಲದ ಹೊತ್ತಿಗೆ ಬಂದು ಶಟರ್ ಎತ್ತುವವನು. ಆದರೆ ಅವನಿಗೆ ಪೆರ್ಲ ಎಂದರೆ ಒಂದು ಪಿನ್‌ಕೋಡು. ಪೆರ್ಲದ ಬದಿಯ ಸ್ವರ್ಗ ಎಂಬ ಊರಿನ ಇಳಿಜಾರಿನಲ್ಲಿ ಒಮ್ಮೆ ಬೈಕಿಳಿಸಿದ್ದರೆ "ಮ್ಯಾಪ್ ಉಂಟಲ್ಲ" ಎಂದು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ಅವನ ಜಾಗಕ್ಕೂ ಆಯುಸ್ಸು ಹೆಚ್ಚಿಲ್ಲ, ಅದು ಅವನಿಗೂ ಗೊತ್ತು. ಹಾಗಿರುವಾಗ ಮುಂದಿನ ವರ್ಷಕ್ಕೆ ಆಗುವ ಪಟ್ಟಿಯನ್ನು ಅವನು ಯಾಕೆ ಜೋಪಾನ ಮಾಡಿಯಾನು?

ಕಾನೂನು ಈ ಹುಡುಗರಂಥವರನ್ನು ಈಚೆಗೆ ಗುರುತಿಸಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು, ಮಾಲಿಕ–ನೌಕರ ಸಂಬಂಧದ ಹೊರಗೆ ದುಡಿಯುವ ಗಿಗ್ ಕೆಲಸಗಾರರು ಎಂಬ ವರ್ಗ ಅದರಲ್ಲಿದೆ. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ಮಾತು ಇರುವುದು ವೇತನ ಸಂಹಿತೆಯಲ್ಲಿ; ಅದು ನೌಕರ ಎನಿಸಿಕೊಂಡವರಿಗೆ. ಪಾರ್ಸೆಲ್ ಲೆಕ್ಕದಲ್ಲಿ ದುಡಿಯುವವನನ್ನು ಕಂಪೆನಿ ನೌಕರ ಎಂದು ಬರೆದುಕೊಂಡಿರುವುದಿಲ್ಲ. ಬಾಕಿ ಕೇಳಿದರೆ ನಡುವಿನ ಗುತ್ತಿಗೆದಾರನಾದ ವೆಂಡರ್ ಕಡೆಗೆ ಕೈ, ವೆಂಡರ್ ಮುಂದಿನ ಬಿಲ್ಲಿನ ಕಡೆಗೆ.

ಇದೇ ಹಬ್ಬಿನಲ್ಲಿ ಈ ಮೊದಲು ಇದ್ದ ಇನ್‌ಚಾರ್ಜ್ ಬೇರೆ ಥರದವರು. ಹೊಸಬ ಬಂದರೆ ಮೊದಲ ಮೂರು ದಿನ ಹಳಬನ ಹಿಂದೆ ಕೂರಿಸಿ ಕಳಿಸುತ್ತಿದ್ದರು, ಆ ವಾರವಿಡೀ 30ರ ಮೇಲೆ ಲೋಡು ಕೊಡುತ್ತಿರಲಿಲ್ಲ, ದಿನಕ್ಕಿಷ್ಟು ಎಂದು ಖಚಿತ ಮೊತ್ತ ಕೊಡಿಸುತ್ತಿದ್ದರು. ಸ್ಕ್ಯಾನ್ ಆದ ಪಾರ್ಸೆಲುಗಳನ್ನು ರೂಟಿನ ಕ್ರಮದಲ್ಲೇ ಜೋಡಿಸುವುದು, ಕೊನೆಯ ಮನೆಯದ್ದು ಬ್ಯಾಗಿನ ತಳಕ್ಕೆ, ಮೊದಲನೆಯದು ಮೇಲೆ. ಇಷ್ಟರಿಂದಲೇ ಪ್ರತಿ ಮನೆಯೆದುರು ಬ್ಯಾಗು ಕೆದಕುವ ಎರಡು ಮೂರು ನಿಮಿಷ ಉಳಿಯುತ್ತದೆ. 50 ಮನೆಗೆ ಅದು ಒಂದೂವರೆ ಗಂಟೆಗೂ ಹೆಚ್ಚು. ಮೇಜಿನ ಡ್ರಾಯರಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು, ಅದರಲ್ಲಿ ಮನೆಗಳ ಗುರುತು ಮೂರು ನಾಲ್ಕು ಕೈಬರಹದಲ್ಲಿ, ಅರ್ಧ ಕನ್ನಡ, ಅರ್ಧ ಮಲಯಾಳ. ಹುಡುಗರು ಬಿಟ್ಟು ಹೋಗುತ್ತಿದ್ದದ್ದು ಆಗಲೂ ಉಂಟು, ಆದರೆ ಗಲ್ಫಿಗೋ ಮದುವೆಯ ಗಡಿಬಿಡಿಗೋ. ವಾರಕ್ಕೊಬ್ಬನಂತೆ ಅಲ್ಲ.

ಹೊಸಬನ ಮೊದಲ ವಾರದ ಅಂಕಿ ಅರ್ಧ ಲೋಡಿನಿಂದಾಗಿ ಪರದೆಯಲ್ಲಿ ಕೆಂಪಗೆ ಕಾಣುತ್ತಿತ್ತು. ಕಾರಣ ಬರೆಯಲು ಆ ಪರದೆಯಲ್ಲಿ ಜಾಗ ಇಲ್ಲ. ಕೆಂಪು ಜಾಸ್ತಿಯಾಯಿತೆಂದು ಅವರನ್ನು ಇಲ್ಲಿಂದ ಎತ್ತಿ ಬೇರೆ ಕಡೆ ಹಾಕಿದರು. ನೋಟ್‌ಬುಕ್ಕು ಡ್ರಾಯರಿನಲ್ಲೇ ಇದ್ದಿರಬೇಕು, ಈಗ ಅಲ್ಲಿರುವುದು ಚಾರ್ಜರ್‌ಗಳು.